ಗಿಳಿಯಂಚಿನ ಬೆಡ್‌ಶೀಟಿನ ಮೇಲೆ ಜರ್ಮನ್ ನಗೆ

ಅತ್ತೆ ಬರುತ್ತಾರೆಂದು ಮೊನ್ನೆ ಕಪಾಟಿನಿಂದ ಒಂದು ಬಿಳಿ ಬೆಡ್‌ಶೀಟ್ ಎಳೆದೆ. ನುಸಿಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಕೊಡವಿದಾಗ ಅಂಚಿನಲ್ಲಿ ಸಾಲಾಗಿ ಕೂತ ಹಸಿರು ಗಿಳಿಗಳು ಕಂಡವು. ನಾನು ನಿಂತಲ್ಲೇ ನಗಲು ಶುರು ಮಾಡಿದೆ. ವಾಷಿಂಗ್ಟನ್ನಿನ ಈ ಪುಟ್ಟ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ನಕ್ಕರೆ ಕೇಳುವವರು ಯಾರೂ ಇಲ್ಲ, ಅದೊಂದು ಅನುಕೂಲ.

ಈ ಗಿಳಿಗಳು ಒಂದು ಕಾಲದಲ್ಲಿ ಜರ್ಮನಿಯ ದೊಡ್ಡ ದೊಡ್ಡ ನಟರ ಪಾದದ ಬಳಿ ಕೂತಿದ್ದವು ಎಂದರೆ ನೀವು ನಂಬುವುದಿಲ್ಲ. ಸ್ವಲ್ಪ ತಾಳ್ಮೆಯಿಂದ ಕೇಳಿ.

ಕೊರೊನಾದ ಎರಡನೇ ವರ್ಷ. ಆಗ ನಾವೆಲ್ಲ ಅಟ್ಲಾಂಟಾ ಪಕ್ಕದ ಜಾನ್ಸ್ ಕ್ರೀಕ್‌ನಲ್ಲಿ ಒಟ್ಟಿಗಿದ್ದೆವು: ನಾನು, ನನ್ನ ಗಂಡ, ಮಗಳು ಅನಘಾ, ಅತ್ತೆ ಸರೋಜಮ್ಮ. ಎಲ್ಲರೂ ಮನೆಯಲ್ಲೇ ಇದ್ದು ಇದ್ದು ಒಬ್ಬರ ಮುಖ ಒಬ್ಬರಿಗೆ ಸಾಕಾಗಿತ್ತು. ಆಗ ನಮ್ಮನ್ನು ಕಾಪಾಡಿದ್ದು ಎರಡು ಮನೆ ಆಚೆ ಮಗಳ ಜೊತೆಗಿದ್ದ ಮೈಸೂರಿನ ಷಮೀಮ್ ಆಂಟಿ. ಅವರು ಹರೆಯದಲ್ಲಿ ಜರ್ಮನ್ ಕಲಿತು, ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಜರ್ಮನ್ ಇಂಜಿನಿಯರುಗಳಿಗೂ ನಮ್ಮ ಕೆಲಸಗಾರರಿಗೂ ನಡುವೆ ದುಭಾಷಿಯಾಗಿದ್ದವರು. ಆಗ ಪರಿಚಯವಾದ ಯಾರೋ ಕಳಿಸಿದ್ದ ಹಳೇ ಜರ್ಮನ್ ಹಾಸ್ಯಚಿತ್ರಗಳ ವಿಡಿಯೊ ಕ್ಯಾಸೆಟ್‌ಗಳು ಅವರ ಹತ್ತಿರ ಒಂದು ಪೆಟ್ಟಿಗೆ ತುಂಬ ಇದ್ದವು. ಅಳಿಯ ಅವನ್ನೆಲ್ಲ ಕಂಪ್ಯೂಟರಿಗೆ ಹಾಕಿಕೊಟ್ಟಿದ್ದರು. ಭಾನುವಾರ ಊಟವಾದ ಮೇಲೆ ಅವರ ಗರಾಜಿನಲ್ಲಿ ಪ್ರದರ್ಶನ. ಗಾಳಿಗೆಂದು ಬಾಗಿಲನ್ನು ಮೊಣಕಾಲೆತ್ತರ ತೆರೆದಿಟ್ಟು, ದೂರ ದೂರ ಕುರ್ಚಿ ಹಾಕಿ, ಎದುರಿಗೆ ಪರದೆಯಾಗಿ ಅತ್ತೆಯ ಗಿಳಿಯಂಚಿನ ಬೆಡ್‌ಶೀಟ್ ಕಟ್ಟುತ್ತಿದ್ದೆವು.

ಆ ಚಿತ್ರಗಳಿಗೆ ಸಬ್‌ಟೈಟಲ್ ಇರಲಿಲ್ಲ. ಆಂಟಿಯೇ ಪರದೆ ಪಕ್ಕ ಕೂತು, ಒಂದು ಮಾತು ಹಿಂದೆ ಇದ್ದುಕೊಂಡು ಎಲ್ಲರ ಬಾಯಲ್ಲೂ ಕನ್ನಡ ಆಡಿಸುತ್ತಿದ್ದರು. ಸೂಟು ಹಾಕಿದ ಅಪ್ಪ ಮೈಸೂರಿನ ನಿವೃತ್ತ ಹೆಡ್‌ಮಾಸ್ಟರಂತೆ ಗದರುತ್ತಿದ್ದ. ಗಿಡ್ಡ ಲಂಗದ ಹುಡುಗಿ "ಅಪ್ಪಾಜಿ, ಕಾಲ ಬದಲಾಗಿದೆ" ಎನ್ನುತ್ತಿದ್ದಳು. ಆ ದೇಶದಲ್ಲಿ ಎಲ್ಲ ತಲೆಕೆಳಗಾಗುತ್ತಿದ್ದ ಕಾಲ ಅದು, ಅರವತ್ತು ಎಪ್ಪತ್ತರ ದಶಕ. ಮಗ ಕೂದಲು ಬಿಟ್ಟರೆ ಅಪ್ಪನಿಗೆ ಎದೆನೋವು, ಮಗಳು ಮದುವೆಯಾಗದೆ ಹುಡುಗನ ಜೊತೆ ಮನೆ ಹಿಡಿದರೆ ಅಮ್ಮನಿಗೆ ತಲೆಸುತ್ತು. ಹೆಂಡತಿ ಹೊರಗೆ ದುಡಿಯುವುದಾದರೆ ಮನೆಗೆಲಸಕ್ಕೆ ಅಡ್ಡಿ ಬರಬಾರದು ಎಂದು ಕಾನೂನೇ ಇತ್ತಂತೆ. ಅದನ್ನು ಕೇಳಿ ಅತ್ತೆ, "ಕಾನೂನು ಬೇರೆ ಬೇಕಿತ್ತಾ? ನಮ್ಮಲ್ಲಿ ಹಾಗೇ ನಡೀತಿತ್ತು" ಎಂದರು. ಅನಘಾಳ ಚಿಂತೆಯೇ ಬೇರೆ. "ಅಜ್ಜಿ, ವೈ ಆರ್ ದೇರ್ ಪ್ಯಾಂಟ್ಸ್ ಸೋ ಬಿಗ್?" ಎಂದು ಅವಳು ಪ್ರತಿ ವಾರ ಕೇಳುತ್ತಿದ್ದಳು.

ನಡುವೆ ಚಹಾ, ಖಾರಾ ಬಿಸ್ಕತ್ತು, ಅತ್ತೆಯ ಕೋಡುಬಳೆ. ಆಗ ಆಂಟಿ ಕಾರ್ಖಾನೆಯ ಕಥೆ ತೆಗೆಯುತ್ತಿದ್ದರು. ಜರ್ಮನ್ ಸಾಹೇಬ ಮೇಜು ಕುಟ್ಟಿ ಬೈದರೆ ಇವರು "ಇನ್ನೊಂದ್ಸಲ ನೋಡ್ಬೇಕಂತೆ" ಎನ್ನುತ್ತಿದ್ದರಂತೆ. ನಮ್ಮವರು ತಿರುಗಿಸಿ ಬೈದರೆ "ಖಂಡಿತ ನೋಡುತ್ತಾರೆ" ಎಂದು ಜರ್ಮನ್‌ನಲ್ಲಿ ಹೇಳುತ್ತಿದ್ದರಂತೆ. "ಇಬ್ಬರೂ ಎದ್ದು ಹೋಗಬಾರದು ಸರೋಜಮ್ಮನವರೇ, ಅಷ್ಟೇ ನನ್ನ ಕೆಲಸ" ಎಂದು ಅವರು ಹೇಳಿದಾಗ ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ನಾನೂ ನಕ್ಕಿದ್ದೆ, ಆದರೆ ಬುದ್ಧಿವಂತೆಯೆಂದು ಹೆಸರಾದ ನನಗೆ ಅದರಲ್ಲಿ ತಿಳಿಯಬೇಕಾದ್ದು ತಿಳಿಯಲಿಲ್ಲ.

ಆ ಬೇಸಿಗೆಯಲ್ಲಿ ನನಗೆ ವಾಷಿಂಗ್ಟನ್ನಿನಲ್ಲಿ ಕೆಲಸ ಸಿಕ್ಕಿತು. ದೇಶಗಳಿಗೇ ಸಾಲ ಕೊಡುವ ಸಂಸ್ಥೆ, ನಾನು ವರ್ಷಗಳಿಂದ ಆಸೆಪಟ್ಟಿದ್ದ ಹುದ್ದೆ. ಆದರೆ ವಾರವೆಲ್ಲ ಅಲ್ಲಿರಬೇಕು, ಶನಿವಾರ ಭಾನುವಾರ ಮಾತ್ರ ಮನೆ. ನನ್ನ ಗಂಡ ಒಳ್ಳೆಯವನೇ, ಆದರೆ ಅಡ್ಡಗೋಡೆ ಮೇಲಿನ ದೀಪ. "ಅಮ್ಮ ಒಪ್ಪಿದ್ರೆ ನಂದೇನೂ ಅಭ್ಯಂತರ ಇಲ್ಲ" ಎಂದು ಅಡುಗೆಮನೆಯ ಮೇಜಿನ ಮೇಲಿದ್ದ ಲ್ಯಾಪ್‌ಟಾಪಿಗೆ ತಿರುಗಿದ. ಅತ್ತೆಯ ಅಭಿಪ್ರಾಯ ನನಗೆ ಮೊದಲೇ ಗೊತ್ತಿತ್ತು. ಶಾರ್ಲಟ್‌ನಲ್ಲಿದ್ದ ನೆಂಟರ ಸೊಸೆಯೊಬ್ಬಳು ಹೀಗೇ ಬೇರೆ ಊರಿಗೆ ಕೆಲಸಕ್ಕೆ ಹೋದಾಗ, ಮಗು ಬಿಟ್ಟು ಹೋಗೋಕೆ ಮನಸ್ಸಾದರೂ ಹೇಗೆ ಬಂತೋ ಎಂದು ಅವರು ತಿಂಗಳುಗಟ್ಟಲೆ ಮರುಗಿದ್ದರು. ಒಪ್ಪಿಕೊಳ್ಳುವ ಗಡುವು ಹತ್ತಿರ ಬಂದರೂ ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಷಮೀಮ್ ಆಂಟಿಯ ಅಡುಗೆಮನೆಯಲ್ಲಿ ಚಹಾ ಲೋಟ ತೊಳೆಯುವಾಗ ಅವರಿಗೊಬ್ಬರಿಗೆ ಹೇಳಿಕೊಂಡು ಅತ್ತುಬಿಟ್ಟೆ. ಅವರು ನನ್ನ ಕೈಯಿಂದ ಲೋಟ ತೆಗೆದುಕೊಂಡು ಒರೆಸಿಟ್ಟರು.

ಮುಂದಿನ ಭಾನುವಾರ ಹಾಕಿದ್ದು ಒಂದು ಬೇಕರಿ ಮನೆತನದ ಚಿತ್ರ. ಆ ಮನೆಯ ಸೊಸೆಗೆ ಬೇರೆ ಊರಿನಲ್ಲಿ ಟ್ರಾಮ್ ಓಡಿಸುವ ಕೆಲಸ ಸಿಗುತ್ತದೆ. ಊಟದ ಮೇಜಿನಲ್ಲಿ ಅವಳು ಸುದ್ದಿ ಹೇಳಿದ್ದೇ ತಡ, ಗಂಡ ಸೂಪಿನ ಪಾತ್ರೆಯನ್ನು ತೊಡೆಯ ಮೇಲೆ ಬೀಳಿಸಿಕೊಳ್ಳುತ್ತಾನೆ, ಮಾವ ಉಸಿರುಕಟ್ಟಿ ಕೆಮ್ಮುತ್ತಾರೆ. ಎಲ್ಲರೂ ನಗುತ್ತಿದ್ದರು. ನಾನು ಮಾತ್ರ ಅತ್ತೆಯ ಕಡೆ ತಿರುಗದೆ ಪರದೆಯನ್ನೇ ನೋಡುತ್ತಿದ್ದೆ. ಆಗ ಚಿತ್ರದಲ್ಲಿ, ದಪ್ಪ ಏಪ್ರನ್ ಕಟ್ಟಿದ ಆ ಸೊಸೆಯ ಅತ್ತೆ ಬಾಗಿಲ ಬಳಿ ನಿಂತು ಏನೋ ಹೇಳಿದಳು. ಷಮೀಮ್ ಆಂಟಿ ನಿಧಾನವಾಗಿ ಕನ್ನಡ ಮಾಡಿದರು:

"ಹೋಗಮ್ಮ. ನಿನ್ನ ವಯಸ್ಸಲ್ಲಿ ನಾನು ಕೇಳಿದ್ದಿದ್ರೆ ನಮ್ಮತ್ತೆ ಕಾಲು ಮುರೀತಿದ್ರು. ಅದಕ್ಕೇ ಹೇಳ್ತಿದೀನಿ, ನೀನು ಹೋಗು. ಮಗು ನೋಡ್ಕೊಳ್ಳೋಕೆ ನಾನಿದೀನಿ. ಅನ್ನಕ್ಕೆ ಇಡೋಕೆ ನನ್ನ ಮಗನಿಗೂ ಎರಡು ಕೈ ಇದೆ."

ಗರಾಜಿನಲ್ಲಿ ಯಾರೂ ನಗಲಿಲ್ಲ. ಚಿತ್ರ ಮುಗಿದ ಮೇಲೆ ಅತ್ತೆಯೂ ನಾನೂ ಬೆಡ್‌ಶೀಟ್ ಬಿಚ್ಚಿ, ಆ ತುದಿ ಅವರು ಈ ತುದಿ ನಾನು ಹಿಡಿದು ಮಡಿಸಿದೆವು. ಮೂಲೆಗೆ ಮೂಲೆ ಕೂಡಿಸಲು ಹತ್ತಿರ ಬಂದಾಗ ಅತ್ತೆ, "ವಾಷಿಂಗ್ಟನ್‌ನಲ್ಲಿ ಚಳಿ ಜಾಸ್ತೀನಾ?" ಎಂದರು. ನಮ್ಮ ಅಡುಗೆಮನೆಯ ಮಾತು ಮಹಡಿಯಲ್ಲಿದ್ದ ಅತ್ತೆಯ ಕೋಣೆಗೆ ಕೇಳುತ್ತದೆಂದು ನನಗೆ ಆವತ್ತಿನವರೆಗೂ ಹೊಳೆದಿರಲಿಲ್ಲ. ನಾನು ಹೌದೆಂದು ತಲೆಯಾಡಿಸಿದೆ. ಅವರು ಮಡಿಸಿದ ಬೆಡ್‌ಶೀಟನ್ನು ನನ್ನ ಕೈಗೇ ಇಟ್ಟು, ಇದನ್ನು ತಗೊಂಡು ಹೋಗು, ಅಲ್ಲಿ ಹಾಸೋಕೆ ಬೇಕಾಗುತ್ತೆ ಎಂದರು. ಹಾಗೆ ನಾನು ಈ ಊರಿಗೆ ಬಂದೆ. ನನ್ನ ಗಂಡ ಮೊದಲು ಅನ್ನ, ಆಮೇಲೆ ಸಾರು ಕಲಿತ. ಈಗ ಅವನ ಸಾರು ನನ್ನದಕ್ಕಿಂತ ಚೆನ್ನಾಗಿದೆ ಎಂದು ಅನಘಾ ಫೋನಿನಲ್ಲಿ ಹೇಳುವಾಗ ನನಗೆ ಸ್ವಲ್ಪ ಹೊಟ್ಟೆಯುರಿ.

ಕಳೆದ ಚಳಿಗಾಲದಲ್ಲಿ ಇಲ್ಲಿನ ಒಂದು ಸಣ್ಣ ಚಿತ್ರಮಂದಿರದಲ್ಲಿ ಹಳೇ ಜರ್ಮನ್ ಹಾಸ್ಯಚಿತ್ರಗಳನ್ನು ತೋರಿಸಿದರು. ಮೆಟ್ರೋ ಇಳಿದು ನಡೆದುಕೊಂಡು ಹೋದೆ. ಅದೇ ಬೇಕರಿ, ಅದೇ ಸೂಪು. ಇಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಇತ್ತು. ಏಪ್ರನ್ನಿನ ಅತ್ತೆ ಬಾಗಿಲ ಬಳಿ ಬಂದಳು. ನಾನು ಕರವಸ್ತ್ರ ಸಿದ್ಧ ಮಾಡಿಕೊಂಡೆ. ಅವಳು ಹೇಳಿದ್ದಿಷ್ಟು: "ಆ ಬಾಗಿಲು ಹಾಕಿ, ಗಾಳಿ ಬರ್ತಿದೆ." ಆ ಸೊಸೆಗೆ ಯಾರೂ ಹೋಗು ಎನ್ನಲಿಲ್ಲ. ಮನೆಯವರೆಲ್ಲ ಚರ್ಚಿಗೆ ಹೋಗಿದ್ದಾಗ ಪೆಟ್ಟಿಗೆ ಹಿಡಿದು ಒಬ್ಬಳೇ ಹೊರಟಳು. ಸುತ್ತ ಇದ್ದವರು ನಗುತ್ತಿದ್ದರು. ನಾನು ಕರವಸ್ತ್ರವನ್ನು ಬೇರೆ ಕಾರಣಕ್ಕೆ ಬಳಸಿದೆ. ನನಗಾಗಿ ಒಬ್ಬರು ಸುಳ್ಳು ಹೇಳಿದ್ದರು, ಅದೂ ಅಷ್ಟು ಚೆನ್ನಾಗಿ.

ನಿನ್ನೆ ಅತ್ತೆ ಬಂದರು. ಹಾಸಿಗೆಗೆ ಬೆಡ್‌ಶೀಟ್ ಹಾಸುವಾಗ ಆ ತುದಿ ಹಿಡಿದರು. ಪಾಪ, ಇವರು ನಂಬಿ ಒಪ್ಪಿದರಲ್ಲ ಎಂದು ನನಗೆ ಒಳಗೊಳಗೇ ಅಳುಕಿತ್ತು. ಕೊನೆಗೂ ಚಿತ್ರಮಂದಿರದ ಸಂಗತಿ ಹೇಳಿಬಿಟ್ಟೆ. ಅತ್ತೆ ದಿಂಬಿಗೆ ಕವರ್ ಹಾಕುತ್ತಲೇ ಇದ್ದರು.

"ಆ ಹೆಂಗಸು ಬಾಯಿ ಮುಚ್ಚಿ ಎಷ್ಟೋ ಹೊತ್ತಾಗಿತ್ತು. ಷಮೀಮ್ ಇನ್ನೂ ಹೇಳ್ತಾನೇ ಇದ್ರು. ಜರ್ಮನಿಯೋರು ಅನ್ನಕ್ಕೆ ಇಡ್ತಾರಾ?"

"ಮತ್ತೆ ನೀವು ಒಪ್ಪಿದ್ದು?"

"ಅಷ್ಟು ಕಷ್ಟಪಟ್ಟು ನಿನಗೋಸ್ಕರ ಕೇಳ್ತಾ ಇದಾರೆ. ಹೊರಗಿನವರಿಗೇ ಅಷ್ಟು ಅಕ್ಕರೆ ಇರುವಾಗ, ಮನೆಯವಳು ನಾನು ಇಲ್ಲ ಅನ್ನೋದಾ?" ದಿಂಬನ್ನು ತಟ್ಟಿ ಇಟ್ಟರು. "ಅವರಿಗೆ ಹೇಳ್ಬೇಡ ಮತ್ತೆ. ನಾನು ನಂಬಿದೀನಿ ಅಂತಲೇ ಇರಲಿ."

ಸಂಜೆ ಷಮೀಮ್ ಆಂಟಿ ಫೋನ್ ಮಾಡಿ ಸರೋಜಮ್ಮನವರು ಸುಖವಾಗಿ ತಲುಪಿದರಾ ಎಂದು ಕೇಳಿದರು. ತಲುಪಿದರು ಎಂದೆ. ಅಷ್ಟೇ ಹೇಳಿದೆ. ಅತ್ತೆ ಗಿಳಿಗಳನ್ನು ಕಾಲ ಬಳಿ ಬಿಟ್ಟುಕೊಂಡು ಆಗಲೇ ನಿದ್ದೆ ಹೋಗಿದ್ದರು.