ಕೌದಿ ಕಳಿಸಿದವಳು ನಾನೇ

ಈ ಸಂಗತಿಯನ್ನು ದುಬೈಯ ಮಿರ್ದಿಫ್ ಬಡಾವಣೆಯ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದಾಗಿದೆ. ಕೇಳದವರಿಗೂ ಹೇಳಿದ್ದೇನೆ. ಬಾಗಿಲು ಕಾಯುವವನಿಗೆ ನನ್ನ ಭಾಷೆ ಬರುವುದಿಲ್ಲ, ಅವನಿಗೆ ಕೈಸನ್ನೆಯಲ್ಲಿ ಹೇಳಿದೆ. ಈಗ ಬರೆದೂ ಬಿಡುತ್ತೇನೆ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಒತ್ತಕ್ಷರಗಳನ್ನು ಸೊಸೆ ತಿದ್ದಿಕೊಟ್ಟಿದ್ದಾಳೆ. ಸಂಗತಿ ಇಷ್ಟು: ನಾನು ನನ್ನ ಹೆಸರಿನಲ್ಲಿ, ನನ್ನ ಕಾರ್ಡು ತೋರಿಸಿ, ಅಂಚೆಯಲ್ಲಿ ಥಾಯ್ಲೆಂಡಿಗೆ ಒಂದು ಪಾರ್ಸೆಲ್ ಕಳಿಸಿದೆ. ಅದು ಮುಟ್ಟಿತು.

ನನ್ನ ಮಗಳು ಬ್ಯಾಂಕಾಕ್‌ನಲ್ಲಿದ್ದಾಳೆ. ಅಳಿಯನಿಗೆ ಅಲ್ಲಿ ಕೆಲಸ. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಹೆಣ್ಣು ಕೂಸು ಹುಟ್ಟಿತು. ಆ ಒಂಬತ್ತು ವರ್ಷ ಯಾರ್ಯಾರು ಏನೇನು ಅಂದರು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಕೂಸು ಬಂತು, ಅವರ ಬಾಯಿ ತಾನಾಗಿ ಮುಚ್ಚಿತು. ನನಗೋ ಆಗಷ್ಟೇ ಮೊಣಕಾಲಿನ ಆಪರೇಷನ್ ಆಗಿತ್ತು. ಮೂರು ತಿಂಗಳು ವಿಮಾನ ಹತ್ತುವ ಹಾಗಿಲ್ಲ ಅಂದರು ಡಾಕ್ಟರು. ಬಾಣಂತಿ ಬ್ಯಾಂಕಾಕ್‌ನಲ್ಲಿ, ಬಾಣಂತನ ಮಾಡಬೇಕಾದವಳು ದುಬೈಯಲ್ಲಿ ಮಗನ ಮನೆಯ ಸೋಫಾದ ಮೇಲೆ ಕಾಲು ಚಾಚಿಕೊಂಡು ಕೂತಿದ್ದಾಳೆ.

ನಮ್ಮ ಬಾಗಲಕೋಟೆ ಸೀಮೆಯ ನಮ್ಮ ಮನೆತನದಲ್ಲಿ ಚೊಚ್ಚಲ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಅದರ ಬೆನ್ನ ಕೆಳಗೆ ತವರಿನ ಕೌದಿ ಇರಬೇಕು. ಹಳೆಯ ಸೀರೆ, ಹಳೆಯ ಧೋತರ ಪದರ ಪದರವಾಗಿ ಇಟ್ಟು, ತಾಯಿಯ ತಾಯಿ ತನ್ನ ಕೈಯಾರೆ ಹೊಲಿದು ಕಳಿಸಬೇಕು. ಅಂಗಡಿಯ ಹಾಸಿಗೆ ಎಷ್ಟೇ ಮೆತ್ತಗಿರಲಿ, ಅದರಲ್ಲಿ ನಮ್ಮವರ ಮೈವಾಸನೆ ಎಲ್ಲಿಂದ ಬರಬೇಕು?

ಮಗಳು ಫೋನಿನಲ್ಲಿ ಅಂದಳು, "ಯವ್ವಾ, ನೀ ಬರದಿದ್ರೂ ನಡೀತೈತಿ. ಕೌದಿ ಬಂದ್ರ ನೀ ಬಂದಂಗ." ನಗುತ್ತಲೇ ಅಂದಳು, ಆದರೆ ಕಡೆಗೆ ದನಿ ಒದ್ದೆಯಾಯಿತು. ಅಲ್ಲಿಯ ನಾಲ್ಕು ಕನ್ನಡದ ಮನೆಯವರಿಗೆ ರಜೆ ಇರುವ ಒಂದು ಭಾನುವಾರ ನೋಡಿ ಹೆಸರಿಡುವ ದಿನ ಗೊತ್ತು ಮಾಡಿದ್ದರು.

ಊರಿಂದ ಬರುವಾಗ ನಾನು ಹಳೆಯ ಬಟ್ಟೆಯ ಗಂಟೊಂದನ್ನು ತಂದಿದ್ದೆ. ಸೊಸೆ ಅದನ್ನು ಬಿಚ್ಚಿ ನೋಡಿ, "ಎಲ್ಲಾರ ಅತ್ತಿ ಉಪ್ಪಿನಕಾಯಿ ತರ್ತಾರ, ನನ್ನ ಅತ್ತಿ ಚಿಂದಿ ತಂದಾರ" ಅಂದಿದ್ದಳು. ಈಗ ಅದೇ ಗಂಟು ಹೊರಗೆ ಬಂತು. ನನ್ನ ಇಳಕಲ್ಲ ಸೀರೆಯ ಸೆರಗು, ಮನೆಯವರು ಉಟ್ಟು ಉಟ್ಟು ಬೆಣ್ಣೆಯಾಗಿದ್ದ ಧೋತರ, ಮಗಳ ಶಾಲೆಯ ನೀಲಿ ಲಂಗ. ಮನೆಯವರು ಹೋಗಿ ಆರು ವರ್ಷ. ಅವರ ಧೋತರವನ್ನು ಕೂಸಿನ ಮೈಗೆ ತಾಗುವ ಹಾಗೆ ಮೇಲೆ ಇಟ್ಟೆ. ಮುಟ್ಟಿ ನೋಡುವುದಂತೂ ಆಗಲಿಲ್ಲ, ಹಾಸಿಗೆಯಾಗಿಯಾದರೂ ಮೊಮ್ಮಗಳನ್ನು ಹೊರಲಿ.

ಬಾಲ್ಕನಿಯಲ್ಲಿ ಕೂತು ಹೊಲಿದೆ. ತಲೆಯ ಮೇಲೆ ವಿಮಾನ ಹೋದಾಗಲೆಲ್ಲ ಸೂಜಿ ನಿಲ್ಲಿಸಿ, ಇದು ಮಗಳ ಕಡೆಗೆ ಹೋಗುವುದೇನೋ ಅಂತ ನೋಡುತ್ತಿದ್ದೆ. ಕೌದಿಯ ಹೊಲಿಗೆ ಸಾಲು ಸಾಲಾಗಿ, ನೇಗಿಲ ಸಾಲಿನ ಹಾಗೆ ನೆಟ್ಟಗೆ ಹೋಗಬೇಕು. ಬಳಪದಿಂದ ಗೆರೆ ಎಳೆಯಲು ಒಂದು ಪಟ್ಟಿ ಬೇಕಿತ್ತು. ನನಗೆ ಸರಿಬಂದದ್ದು ನನ್ನ ಎಮಿರೇಟ್ಸ್ ಐಡಿ. ಇಲ್ಲಿ ಇರುವವರೆಲ್ಲರ ಹತ್ತಿರ ಇರುವ ಗುರುತಿನ ಕಾರ್ಡು ಅದು. ಅಂಚು ನೆಟ್ಟಗಿದೆ, ಮೂಲೆ ಗುಂಡಗಿದೆ, ಹಳೆಯ ಬಟ್ಟೆಯನ್ನು ಕಚ್ಚುವುದಿಲ್ಲ.

"ಅತ್ತೀ, ಅದು ಸರ್ಕಾರದ್ದು. ಗೆರಿ ಎಳಿಯೂ ಪಟ್ಟಿ ಅಲ್ಲ" ಅಂದಳು ಸೊಸೆ.

"ನನ್ನ ಮೋತಿ ಫೋಟೋ ಐತಿ ಅದರಾಗ. ನಾ ಗೆರಿ ಎಳದ್ರ ಸರ್ಕಾರಕ್ಕೇನು ನೋವು?"

ಆ ಕಾರ್ಡಿನ ಮೇಲೆ ನನಗೆ ಪ್ರೀತಿ. ಊರಿನ ರೇಷನ್ ಕಾರ್ಡಿನಲ್ಲಿ ಅತ್ತೆ, ಗಂಡ ಆದಮೇಲೆ ನನ್ನ ಹೆಸರು. ಇದರಲ್ಲಿ ನಾನೊಬ್ಬಳೇ. ಬೆಳಕಿಗೆ ಹಿಡಿದರೆ ಮಿಂಚುತ್ತೇನೆ ಕೂಡ.

ನಮ್ಮಲ್ಲಿ ಕೌದಿಯ ಕಡೆಯ ಮೂಲೆಯನ್ನು ಮುಚ್ಚುವ ಮೊದಲು ಅದರ ಹೊಟ್ಟೆ ತುಂಬಿಸುತ್ತಾರೆ. ಒಂದು ತುಣುಕು ರೊಟ್ಟಿ ಒಳಗಿಟ್ಟು ಹೊಲಿಯುವುದು. ಹಸಿದ ಕೌದಿ ನಿದ್ದೆ ಕೊಡುವುದಿಲ್ಲ ಅನ್ನುತ್ತಿದ್ದಳು ನನ್ನವ್ವ. ನಾನೂ ಒಣಗಿಸಿದ ಕಟಕ ರೊಟ್ಟಿಯ ಚೂರೊಂದನ್ನು ಮೂಲೆಯಲ್ಲಿಟ್ಟೆ. ಅಷ್ಟರಲ್ಲಿ ಫೋನು ಬಂತು. ಮಗಳು ಕೂಸು ಆಕಳಿಸುವುದನ್ನು ತೋರಿಸಿದಳು. ಇಷ್ಟಗಲ ಬಾಯಿ, ಹಲ್ಲಿಲ್ಲ, ಥೇಟು ನನ್ನ ಗಂಡ. ನೋಡಿ ನೋಡಿ ಕಣ್ಣು ತುಂಬಿಕೊಂಡು ಬಂದು ಕೂತು, ಆ ಖುಷಿಯಲ್ಲೇ ಮೂಲೆ ಮುಚ್ಚಿ ಗಂಟು ಹಾಕಿದೆ.

ಮಾರನೆಯ ದಿನ ನಾನೂ ಸೊಸೆಯೂ ಅಂಚೆ ಕಚೇರಿಗೆ ಹೋದೆವು. ಆವತ್ತು ಹೊರಟರೆ ಮಾತ್ರ ಆ ಭಾನುವಾರದ ಒಳಗೆ ಮುಟ್ಟುತ್ತದೆ ಅಂತ ಸೊಸೆ ವಿಚಾರಿಸಿದ್ದಳು. ಕಳಿಸುವವರ ಹೆಸರು ಬರೆಯುವ ಜಾಗದಲ್ಲಿ ನಾನೇ ಬರೆದೆ, ಇಂಗ್ಲಿಷ್ ಅಕ್ಷರದಲ್ಲಿ. ಒಂದು ವಾರ ಹಳೆಯ ನೋಟ್‌ಬುಕ್ಕಿನಲ್ಲಿ ತೀಡಿ ಕಲಿತಿದ್ದೆ. ಅಕ್ಷರ ಕುಂಟುತ್ತಿದ್ದವು, ನನ್ನ ಹಾಗೆ. ಆದರೂ ಹೋಗಬೇಕಾದಲ್ಲಿಗೆ ಹೋದವು.

ಕೌಂಟರಿನಲ್ಲಿ ಫಿಲಿಪೈನ್ಸ್ ದೇಶದ ಹುಡುಗಿ. ನಕ್ಕು, "ಮಾಮಾ, ಎಮಿರೇಟ್ಸ್ ಐಡಿ. ಒರಿಜಿನಲ್" ಅಂದಳು. ಅವರಿಗೆ ಮಾಮಾ ಅಂದರೆ ಅಮ್ಮ. ಫಾರಂ ಮೇಲೆ ಯಾರ ಹೆಸರಿದೆಯೋ ಅವರ ಕಾರ್ಡೇ ಬೇಕು.

ನಾನು ಸೊಂಟದ ಚಂಚಿ ಬಿಚ್ಚಿದೆ. ಅಡಿಕೆ ಬಂತು. ಲವಂಗ ಬಂತು. ಊರ ಮನೆಯ ಕೀಲಿಕೈ, ಸೂಜಿದಾರ, ಮೊಣಕಾಲಿಗೆ ತಿಕ್ಕುವ ಮುಲಾಮು. ಕಾರ್ಡು ಬರಲಿಲ್ಲ. ಚಂಚಿಯನ್ನು ತಿರುವಿ ಕೊಡವಿದೆ. ಸೊಸೆ ತನ್ನ ಚೀಲವನ್ನೂ ಹುಡುಕಿದಳು.

"ಎಲ್ಲಿ ಇಟ್ಟೀರಿ ಅತ್ತೀ?"

"ಇಲ್ಲೇ ಇರ್ತಿತ್ತವಾ."

"ನಿನ್ನೆ ಗೆರಿ ಎಳದು ಎಲ್ಲಿ ಒಗದ್ರಿ, ನೆನಪು ಮಾಡ್ಕೋರಿ."

ನೆನಪಿಗೆ ಬಂದದ್ದು ಕೂಸಿನ ಆಕಳಿಕೆ ಒಂದೇ. ಮನೆಗೆ ಹೋಗಿ ಹುಡುಕಿ ಬರುವಷ್ಟರಲ್ಲಿ ಆ ದಿನದ ಅಂಚೆ ಚೀಲ ಕಟ್ಟಿ ಹೋಗುತ್ತದೆ. ಸೊಸೆ ತನ್ನ ಕಾರ್ಡು ತೆಗೆದಳು. "ಬಿಡ್ರಿ, ನನ್ನ ಹೆಸರಿನ್ಯಾಗ ಹೋಗ್ಲಿ. ಬ್ಯಾರೆ ಫಾರಂ ತುಂಬ್ತೀನಿ. ಖಲಾಸ್."

"ಬ್ಯಾಡ" ಅಂದೆ. "ಕೌದಿ ಬರೂದು ತಾಯಿಯಿಂದ, ಅಣ್ಣನ ಹೇಂತಿಯಿಂದ ಅಲ್ಲ."

ನಮ್ಮ ಹಿಂದೆ ಪಾಳಿಯಲ್ಲಿ ಒಬ್ಬ ಬ್ಯಾರಿ ಗೃಹಸ್ಥರು ನಿಂತಿದ್ದರು, ಮಂಗಳೂರ ಕಡೆಯವರು. ನನ್ನ ಮೊಣಕಾಲು, ಡಾಕ್ಟರು ಹೇಳಿದ ಮೂರು ತಿಂಗಳು, ಎಲ್ಲ ಅವರಿಗೆ ಆಗಲೇ ಹೇಳಿಯಾಗಿತ್ತು. ನಮ್ಮ ಮಾತು ಕಿವಿಗೆ ಬಿದ್ದು ಮೆಲ್ಲಗೆ ಅಂದರು, "ಅಮ್ಮಾ, ಪಾರ್ಸೆಲ್ ಹೋದ್ರೆ ಆಯ್ತಲ್ಲ. ಯಾರು ಕಳಿಸಿದ್ರೂ ವಿಮಾನ ಒಂದೇ ಅಲ್ವಾ?"

"ನಿಮ್ಮ ಮಗಳ ಲಗ್ನಪತ್ರಿಕಿಯಾಗ ನಿಮ್ಮ ಹೆಸರಿನ ಜಾಗಾಕ್ಕ ಬಾಜೂ ಮನಿಯವರ ಹೆಸರು ಹಾಕಿದ್ರ ನಡೀತಿತ್ತೇನ್ರಿ?"

ಅವರು ಗಡ್ಡ ಸವರಿಕೊಂಡು ಯೋಚನೆ ಮಾಡಿದರು. "ಇಲ್ಲ. ಅದು ಆಗುದಿಲ್ಲ" ಅಂದರು.

ಗೆದ್ದೆ, ಆದರೆ ಗಡಿಯಾರ ಕೇಳಬೇಕಲ್ಲ. ಕೌಂಟರಿನ ಮೇಲೆ ಮಡಿಚಿಟ್ಟ ಕೌದಿಯನ್ನು ನೋಡಿದೆ. ಮೇಲೆ ಮನೆಯವರ ಧೋತರ. ನನ್ನ ಹೆಸರಿಲ್ಲದಿದ್ದರೆ ನನಗೆ ನೋವು, ಕೌದಿಯೇ ಇಲ್ಲದಿದ್ದರೆ ಕೂಸಿಗೆ ಬರಿಯ ತೊಟ್ಟಿಲು. ಇದರಲ್ಲಿ ತೂಗುವುದಕ್ಕೆ ಏನಿದೆ. "ಬರಿಯವಾ, ನಿನ್ನ ಹೆಸರೇ ಬರಿ" ಅಂದೆ. ಸೊಸೆ ಹೊಸ ಫಾರಂ ತುಂಬತೊಡಗಿದಳು. ನಾನು ತೀಡಿ ಬರೆದ ಹಾಳೆಯನ್ನು ಮಾತ್ರ ಹರಿಯಲಿಲ್ಲ, ಮೊಣಕೈ ಕೆಳಗೆ ಇಟ್ಟುಕೊಂಡಳು.

ಪೆಟ್ಟಿಗೆ ಮುಚ್ಚುವ ಮೊದಲು ಒಳಗೇನಿದೆ ಅಂತ ಆ ಹುಡುಗಿ ನೋಡಲೇಬೇಕು. ಕೌದಿಯನ್ನು ಬಿಡಿಸಿ, ಅಂಗೈಯಿಂದ ಒತ್ತುತ್ತ ಬಂದಳು. ಕಡೆಯ ಮೂಲೆಗೆ ಬಂದಾಗ ಅವಳ ಕೈ ನಿಂತಿತು. "ಇಲ್ಲಿ ಏನೋ ಗಟ್ಟಿ ಇದೆ" ಅಂತ ಸೊಸೆಗೆ ಇಂಗ್ಲಿಷಿನಲ್ಲಿ ಹೇಳಿದಳು.

"ಅದು ಹೊಟ್ಟಿ" ಅಂದೆ.

ಸೊಸೆ ಹಣೆ ಮುಟ್ಟಿಕೊಂಡಳು. "ರೊಟ್ಟಿ ಇಟ್ಟೀರೇನು? ತಿನ್ನೂದು ಒಳಗ ಇಡಂಗಿಲ್ಲರಿ ಅತ್ತೀ. ಕೌದಿ ಹಸೀತೈತಿ ಅಂತ ನಾ ಈಕೀಗೆ ಇಂಗ್ಲಿಷಿನ್ಯಾಗ ಹೆಂಗ ಹೇಳ್ಲಿ?"

ಹೇಗೋ ಹೇಳಿದಳು. ಹುಡುಗಿ ನಗಲಿಲ್ಲ. ತನ್ನ ಊರಿನ ಅಜ್ಜಿ ನೆನಪಾದಳು ಅಂದಳಂತೆ. ಆದರೂ ತೆಗೆಯಲೇಬೇಕು ಅಂತ ಸಣ್ಣ ಕತ್ತರಿ ಕೊಟ್ಟಳು. ನಾನು ಐದಾರು ಹೊಲಿಗೆ ಬಿಚ್ಚಿ, ಎರಡು ಬೆರಳು ಒಳಗೆ ಹಾಕಿದೆ. ರೊಟ್ಟಿಯ ಚೂರು ಸಿಕ್ಕಿತು. ಅದರ ಬೆನ್ನಿಗೆ ನುಣ್ಣಗಿನದೇನೋ ತಾಗಿತು. ಎಳೆದೆ.

ನಾನೇ ಬಂದೆ. ನಗದೆ, ತಲೆಯ ಮೇಲೆ ಸೆರಗು ಹೊದ್ದುಕೊಂಡು, ಮಿಂಚುತ್ತ.

ಸೊಸೆ ನಕ್ಕಳು ನೋಡಿ, ಕೌಂಟರು ಹಿಡಿದುಕೊಂಡು ಬಗ್ಗಿ ನಕ್ಕಳು. "ಸರ್ಕಾರದ ಕಾರ್ಡು ತಿನ್ನಿಸಿ ಬಿಟ್ಟೀರಲ್ಲ ಅತ್ತೀ ಕೌದೀಗೆ."

"ನಿಮಗೆ ಮೂರು ತಿಂಗಳು ಹೋಗ್ಲಿಕ್ಕಿಲ್ಲ ಅಂದ್ರಲ್ಲ" ಅಂದರು ಬ್ಯಾರಿಯವರು, "ಕಾರ್ಡು ಮಾತ್ರ ಇವತ್ತೇ ಹೊರಟಿತ್ತು."

ಕಳಿಸುವವರ ಕಾರ್ಡು ಬೇಕು ಅಂತ ಕೇಳಿದ್ದಕ್ಕೆ ಕಾರ್ಡು ಇಲ್ಲ ಅಂತ ಗೊತ್ತಾಯಿತು. ಒಳಗೇನಿದೆ ಅಂತ ನೋಡಿದ್ದಕ್ಕೆ ಸಿಕ್ಕಿತು. ಇಂಥ ನಿಯಮ ಮಾಡಿದವರ ಹೊಟ್ಟೆ ತಣ್ಣಗಿರಲಿ. ಸೊಸೆ ತಾನು ತುಂಬಿದ ಫಾರಂ ಅನ್ನು ತಾನೇ ಹರಿದಳು. ಮೊಣಕೈ ಕೆಳಗಿನಿಂದ ನನ್ನ ಕುಂಟು ಅಕ್ಷರದ ಹಾಳೆ ತೆಗೆದು ಹುಡುಗಿಯ ಮುಂದೆ ಇಟ್ಟಳು. "ಈಗ ಕಳಸ್ರಿ ಅತ್ತೀ, ನಿಮ್ಮ ಹೆಸರಿನ್ಯಾಗ" ಅಂದಳು. ಆ ಒಂದು ಮಾತಿಗೆ ಅವಳ ಹಿಂದಿನ ಹತ್ತು ಚುಚ್ಚುಮಾತು ವಜಾ.

ರೊಟ್ಟಿಯ ಚೂರನ್ನು ಚೆಲ್ಲಲು ಮನಸ್ಸು ಬರಲಿಲ್ಲ. ಮೂರು ಮಾಡಿ ಸೊಸೆಗೊಂದು, ಬ್ಯಾರಿಯವರಿಗೊಂದು ಕೊಟ್ಟು ನಾನೂ ತಿಂದೆ. "ಗಟ್ಟಿ ಉಂಟು" ಅಂದರು ಅವರು, ಆದರೆ ತಿಂದರು. ಕೌದಿಯ ಹೊಟ್ಟೆ ಮಾತ್ರ ಖಾಲಿಯಾಯಿತು. ಹುಡುಗಿ ಅಷ್ಟರಲ್ಲಿ ನನ್ನ ಕಾರ್ಡಿನ ನಕಲು ತೆಗೆಯುತ್ತಿದ್ದಳು. ಮೊದಲನೆಯದು ಅರ್ಧ ಕಪ್ಪಾಗಿ ಬಂತು, ಬದಿಗಿಟ್ಟಳು. ಎರಡನೆಯದು ಚೆನ್ನಾಗಿ ಬಂತು, ಅದನ್ನು ಫಾರಂಗೆ ಸಿಕ್ಕಿಸಿದಳು.

"ಆ ಕೆಟ್ಟದ್ದು ನನಗ ಕೊಡು ಅನ್ನು" ಅಂದೆ ಸೊಸೆಗೆ.

ಕಾಗದ ತಿನ್ನುವ ವಸ್ತು ಅಲ್ಲವಲ್ಲ. ಹುಡುಗಿ ಕೊಟ್ಟಳು. ಅರ್ಧ ಮುಖ ಕತ್ತಲಾದ ನನ್ನನ್ನು ನಾಲ್ಕು ಮಡಿಕೆ ಮಾಡಿ ಮೂಲೆಯಲ್ಲಿ ಇಟ್ಟೆ. ಚಂಚಿಯ ಸೂಜಿ ಕೈಗೆ ಬಂತು. ನಿಂತಲ್ಲೇ ಹೊಲಿದೆ. ಪಾಳಿ ಬೆಳೆಯಿತು. ಬ್ಯಾರಿಯವರು ಬಟ್ಟೆಯ ಇನ್ನೊಂದು ತುದಿ ಹಿಡಿದು, ಹಿಂದಿನವರಿಗೆ ಹಿಂದಿಯಲ್ಲಿ, "ಎರಡು ನಿಮಿಷ, ಬಾಣಂತಿಯ ಸಾಮಾನು" ಅನ್ನುತ್ತಿದ್ದರು. ಗಂಟು ಹಾಕಿ ದಾರ ಕಚ್ಚಿದೆ. ಪೆಟ್ಟಿಗೆ ಮುಚ್ಚಿತು. ಹುಡುಗಿ ಅದರ ಮೇಲೆ ಅಂಟಿಸಿದ ಚೀಟಿಯಲ್ಲಿ ಕಳಿಸಿದವರ ಜಾಗದಲ್ಲಿ ನನ್ನ ಹೆಸರು ಅಚ್ಚಾಗಿತ್ತು. ಬೆರಳಿಟ್ಟು ಒಂದೊಂದೇ ಅಕ್ಷರ ಓದಿಕೊಂಡೆ.

ಭಾನುವಾರಕ್ಕೆ ಎರಡು ದಿನ ಇರುವಾಗ ಪೆಟ್ಟಿಗೆ ಮುಟ್ಟಿತು. ಹೆಸರಿಡುವ ದಿನ ಫೋನನ್ನು ತೊಟ್ಟಿಲ ಮೇಲೆ ಹಿಡಿದು ತೋರಿಸಿದರು. ಅಜ್ಜನ ಧೋತರದ ಮೇಲೆ ಕೂಸು ಅಂಗಾತ ಮಲಗಿ ಕೈ ಆಡಿಸುತ್ತಿತ್ತು. ಮಗಳು ಅಂದಳು, "ಯವ್ವಾ, ಈ ಮೂಲ್ಯಾಗ ಏನಿಟ್ಟಿ? ಹೊಳ್ಳಿ ಮಲಗಿಸಿದ್ರ ಸರಸರ ಅಂತೈತಿ. ಆ ಸಪ್ಪಳ ಕೇಳಿದ್ರ ಈಕಿ ಅಳು ನಿಲ್ಲಸ್ತಾಳ."

"ನಾನೇ ಇದೀನಿ ಅದರಾಗ" ಅಂದೆ. ಹಿಂದೆ ಸೊಸೆ ಮತ್ತೆ ನಗತೊಡಗಿದಳು.

ಕಳೆದ ವಾರ ಅಲ್ಲಿಂದ ಇಲ್ಲಿಗೆ ಒಂದು ಪಾರ್ಸೆಲ್ ಬಂತು. ಕೂಸಿಗೆ ಚಿಕ್ಕದಾದ ಮೊದಲ ಕುಲಾವಿ, ಅಂಗಿ. ಮುಂದಿನ ಕೌದಿಗೆ ಬಟ್ಟೆ. ಕಳಿಸಿದವರ ಜಾಗದಲ್ಲಿ ಮೊಮ್ಮಗಳ ಹೆಸರೇ ಬರೆಯಬೇಕು ಅಂತ ಮಗಳಿಗೆ ಆಸೆಯಾಗಿತ್ತಂತೆ. ಥಾಯ್ಲೆಂಡಿನ ಅಂಚೆಯಲ್ಲೂ ಪಾರ್ಸೆಲ್ ಕೊಡುವವರು ಗುರುತು ತೋರಿಸಬೇಕು, ಅಲ್ಲಿಯವರು ತಮ್ಮ ಕಾರ್ಡು, ಹೊರಗಿನವರು ಪಾಸ್‌ಪೋರ್ಟು. ಕೂಸಿನ ಪಾಸ್‌ಪೋರ್ಟು ಇನ್ನೂ ಆಗಿಲ್ಲ. ಮಗಳು ತನ್ನದನ್ನು ತೋರಿಸಿ, ತನ್ನ ಹೆಸರಿನಲ್ಲೇ ಕಳಿಸಬೇಕಾಯಿತು.

"ಹೆಸರಿಗಾಗಿ ಜಗಳ ತಗೀಲಿಲ್ಲೇನು ಅಲ್ಲಿ?" ಅಂತ ಕೇಳಿದೆ.

"ತಗದೆ" ಅಂದಳು. "ನಿನ್ನ ಮಗಳಲ್ಲೇನು ನಾ?"