ಏಳು ಹೆಜ್ಜೆಯ ಟೈಲರಮ್ಮ

ಟೈಲರಮ್ಮ ಪೇಟೆಗೆ ಹೊರಟಳೆಂದರೆ ಬೀದಿಯ ಹೆಂಗಸರು ಜೊತೆಗೆ ಬರಲು ಮುಂದು, ಮನೆಯವರು ಹಿಂದು. ಬೀದಿಯವರಿಗೆ ಲಾಭದ ಚಿಂತೆ, ಮನೆಯವರಿಗೆ ಮಾನದ ಚಿಂತೆ. ನೀರಿನ ಡ್ರಮ್ಮಾಗಲಿ, ಬಾಗಿಲ ಚಿಲಕವಾಗಲಿ, ಅಂಗಡಿಯವರು ಹೇಳಿದ ರೇಟನ್ನು ಆಕೆ ಮೊದಲು ಅರ್ಧ ಮಾಡುತ್ತಿದ್ದಳು. ಅವರು ತಲೆ ಅಲ್ಲಾಡಿಸಿದರೆ ಚೀಲ ಹೆಗಲಿಗೇರಿಸಿ ಹೊರಟೇಬಿಡುತ್ತಿದ್ದಳು. ಹಾಗೆ ಹೊರಡುವುದೇ ಅವಳ ವಿದ್ಯೆ. ಅವಸರ ಮಾಡಬಾರದು, ತಿರುಗಿ ನೋಡಬಾರದು, ಮನಸ್ಸಿನಲ್ಲೇ ಎಣಿಸಬೇಕು. ಏಳನೇ ಹೆಜ್ಜೆಯೊಳಗೆ "ಬನ್ನಿ ಅಮ್ಮಾ, ನಿಮ್ಮ ಮಾತೇ ಆಗ್ಲಿ" ಎಂದು ಹಿಂದಿನಿಂದ ಕೂಗು ಬೀಳದ ದಿನ ಇಪ್ಪತ್ತೈದು ವರ್ಷದಲ್ಲಿ ಒಂದೂ ಇರಲಿಲ್ಲ.

ಆದರೆ ಅವಳದೇ ಮನೆಯ ಮುಂದಿನ ಕೋಣೆಯಲ್ಲಿ, ಹೊಲಿಗೆ ಯಂತ್ರದ ಎದುರು, ಕಥೆ ತಿರುವುಮುರುವು. ಅವಳ ಹಿಂದೆ ತಿರುಗಿ ವಿದ್ಯೆ ಕಲಿತ ಹೆಂಗಸರೆಲ್ಲ ಅದನ್ನು ಅವಳ ಮೇಲೆಯೇ ಪ್ರಯೋಗಿಸುತ್ತಿದ್ದರು. ಪರದೆಗೆ, ಯೂನಿಫಾರಮ್ಮಿಗೆ ಹೊಲಿಗೆ ಕೂಲಿ ಹೇಳಿದ ಕೂಡಲೇ ಬಟ್ಟೆ ಮಡಚಿಕೊಂಡು ಮೆಟ್ಟಿಲಿಳಿಯುತ್ತಿದ್ದರು. ಟೈಲರಮ್ಮ ಐದನೇ ಹೆಜ್ಜೆಗೇ ಸೋತು "ಬನ್ರೀ, ಬನ್ರೀ" ಎಂದು ಕರೆಯುತ್ತಿದ್ದಳು. ಈ ವಿಷಯ ಯಾರಾದರೂ ಎತ್ತಿದರೆ ಆಕೆಗೆ ಕಿವಿಯೇ ಕೇಳಿಸುತ್ತಿರಲಿಲ್ಲ.

ಅಂಥವಳಿಗೆ ಒಂದು ವರ್ಷ ವಿದೇಶಯೋಗ ಕೂಡಿಬಂತು. ತಂಗಿಯ ಆಫೀಸಿನವರು ಸಿಬ್ಬಂದಿಗೆಲ್ಲ ಮೂರು ದಿನದ ಪ್ರವಾಸ ಇಟ್ಟುಕೊಂಡಿದ್ದರು, ಜೊತೆಗೆ ಮನೆಯವರೊಬ್ಬರನ್ನು ಕರೆತರಬಹುದಿತ್ತು. ತಂಗಿಯ ಗಂಡನಿಗೆ ವಿಮಾನವೆಂದರೆ ಜೀವಭಯ. ಅಕ್ಕನಿಗೆ ಅದೃಷ್ಟ ಖುಲಾಯಿಸಿತು.

"ಅಕ್ಕಾ, ನನ್ನ ಆಫೀಸಿನವರೆಲ್ಲ ಇರ್ತಾರೆ" ಎಂದಳು ತಂಗಿ, ವಿಮಾನ ಹತ್ತುವ ಮೊದಲೇ. "ಅಲ್ಲಿ ಚೌಕಾಸಿ ಶುರು ಮಾಡಿದ್ರೆ, ನೀನ್ಯಾರೋ ನಂಗೊತ್ತಿಲ್ಲ ಅಂತೀನಿ."

"ಅನ್ನು, ಧಾರಾಳವಾಗಿ ಅನ್ನು. ಇಬ್ಬರಿಗೂ ಒಂದೇ ಮೂಗು ಇದೆಯಲ್ಲ, ಅದನ್ನೆಲ್ಲಿ ಬಚ್ಚಿಡ್ತೀಯ?"

ಆದರೂ ಟೈಲರಮ್ಮ ಎರಡು ದಿನ ಬಾಯಿಗೆ ಬೀಗ ಹಾಕಿಕೊಂಡಳು. ತಂಗಿಯ ಮೇಲಧಿಕಾರಿ ಒಂದು ಕೀಚೈನಿಗೆ ಕೇಳಿದಷ್ಟು ಕೊಟ್ಟು "ಥ್ಯಾಂಕ್ಯೂ" ಬೇರೆ ಹೇಳಿದಾಗ ಮಾತ್ರ ಆಕೆ ಗೋಡೆ ಹಿಡಿದು ನಿಂತಳು.

ಮೂರನೆಯ ದಿನ ಮಧ್ಯಾಹ್ನ ಎಲ್ಲರನ್ನೂ ತಗಡಿನ ಮಾಡಿನ ಒಂದು ದೊಡ್ಡ ಮಾರುಕಟ್ಟೆಯಲ್ಲಿ ಬಿಟ್ಟರು. ಐದಕ್ಕೆ ಬಸ್ಸು, ಅಲ್ಲಿಂದ ನೇರ ವಿಮಾನ ನಿಲ್ದಾಣ. ಓಣಿಯೊಂದರಲ್ಲಿ ಗುಂಡಿ, ದಾರ, ಜಿಪ್ಪು ತುಂಬಿದ ಪುಟ್ಟ ಅಂಗಡಿ. ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡ ವಯಸ್ಸಾದ ಹೆಂಗಸೊಬ್ಬಳು ಕೂತಿದ್ದಳು. ಟ್ರೇಯಲ್ಲಿದ್ದ ಕತ್ತರಿಗಳಲ್ಲಿ ಒಂದನ್ನು ಟೈಲರಮ್ಮ ಅಭ್ಯಾಸಬಲದಿಂದ ಎಡಗೈಗೆ ಏರಿಸಿಕೊಂಡು, ಪಕ್ಕದಲ್ಲಿದ್ದ ಚಿಂದಿಬಟ್ಟೆಯ ಮೇಲೆ ಆಡಿಸಿ ನೋಡಿದಳು.

ಅವಳು ಎಡಚಿ. ಬಲಗೈಯವರ ಕತ್ತರಿಯಲ್ಲೇ ಇಪ್ಪತ್ತೈದು ವರ್ಷ ದುಡಿದವಳು. ಆ ಕತ್ತರಿಯ ಅಲಗು ಎಡಗೈಯಲ್ಲಿ ಹಿಡಿದವರಿಗೆ ಸೀಮೆಸುಣ್ಣದ ಗೆರೆಯನ್ನೇ ಮರೆಮಾಡುತ್ತದೆ. ಹಾಗಾಗಿ ಅವಳು ಅಷ್ಟೂ ವರ್ಷ ಕತ್ತು ಓರೆ ಮಾಡಿಯೇ ಕತ್ತರಿಸಿದ್ದಳು. ಹೆಬ್ಬೆರಳಿನ ಬುಡದಲ್ಲಿ ಹುಣಿಸೆಬೀಜದಷ್ಟು ದಡ್ಡುಗಟ್ಟಿತ್ತು. ಈಗ ನೋಡಿದರೆ ಗೆರೆ ಕಣ್ಣೆದುರಿಗೇ ಇದೆ, ಬಟ್ಟೆ ತಾನಾಗಿ ಸರಿದು ಎರಡಾಗುತ್ತಿದೆ, ಹೆಬ್ಬೆರಳು ನೋಯುತ್ತಿಲ್ಲ.

"ಎಡಗೈಯವರಿಗೆ ಅಂತಾನೇ ಕತ್ತರಿ ಮಾಡ್ತಾರೇನೇ?" ಎಂದಳು ತಂಗಿಗೆ. ಈ ಕತ್ತರಿ ಬಿಟ್ಟು ಊರಿಗೆ ಹೋದರೆ ಬದುಕಿದ್ದೇನು ಪ್ರಯೋಜನ ಎಂದು ಅವಳಿಗೆ ನಿಜಕ್ಕೂ ಅನ್ನಿಸಿತು.

ಬೇಕು ಎನ್ನುವುದು ಮುಖದಲ್ಲಿ ಕಂಡರೆ ವ್ಯಾಪಾರ ಕೆಟ್ಟಿತು. ಟೈಲರಮ್ಮ ತಕ್ಷಣ ಮುಖ ಸಿಂಡರಿಸಿ, ಕತ್ತರಿಯ ಹಿಡಿಯಲ್ಲಿ ಇಲ್ಲದ ಗೀರೊಂದನ್ನು ಉಗುರಿನಿಂದ ಕೆರೆದು ತೋರಿಸಿದಳು. ಮುದುಕಿ ಕ್ಯಾಲ್ಕುಲೇಟರಿನಲ್ಲಿ ಎಂಬತ್ತು ಒತ್ತಿದಳು. ಟೈಲರಮ್ಮ ನಲವತ್ತು ಒತ್ತಿದಳು. ಮುದುಕಿ ಎಂಬತ್ತು. ಇವಳು ಐವತ್ತು. ಮುದುಕಿ ಮತ್ತೆ ಎಂಬತ್ತು ಒತ್ತಿ ದಾರದುಂಡೆ ಜೋಡಿಸತೊಡಗಿದಳು. ತಂಗಿ ಕಂಬದ ಮರೆಗೆ ಸರಿದು, ಗುಂಡಿಗಳನ್ನು ಜನ್ಮದಲ್ಲಿ ಕಾಣದವಳಂತೆ ನೋಡುತ್ತಾ ನಿಂತಳು.

ಟೈಲರಮ್ಮ ಚೀಲ ಹೆಗಲಿಗೇರಿಸಿ ಹೊರಟಳು.

ಐದು. ಆರು. ಏಳು. ಕೂಗಿಲ್ಲ. ಎಂಟನೆಯದನ್ನು ಸ್ವಲ್ಪ ಚಿಕ್ಕದಾಗಿಯೇ ಇಟ್ಟಳು. ಒಂಬತ್ತಕ್ಕೆ ಬೇಕೆಂದೇ ಕರವಸ್ತ್ರ ಬೀಳಿಸಿ ನಿಧಾನವಾಗಿ ಎತ್ತಿಕೊಂಡಳು. ಹದಿನಾಲ್ಕಕ್ಕೆ ಓಣಿಯೇ ಮುಗಿದುಹೋಯಿತು.

"ವಾಪಸ್ ಹೋಗಿ ತಗೊಂಡ್ಬಾ ಅಕ್ಕಾ" ಎಂದಳು ಹಿಂದೆಯೇ ಬಂದ ತಂಗಿ.

"ಹೋಗೋದಾ? ಬಿಟ್ಟು ಬಂದ ಅಂಗಡಿಗೆ, ನಾನಾ?"

"ಹಾಗಾದ್ರೆ ಬಿಟ್ಬಿಡು."

"ಬಿಡೋದಾ? ಆ ಕತ್ತರೀನಾ?"

ನಾಲ್ಕೂಕಾಲಾಗಿತ್ತು. ಟೈಲರಮ್ಮ ಅಲ್ಲೇ ಹಿಂದೆ ಮುಂದೆ ಓಡಾಡಿದಳು. ಓಡಾಡುತ್ತಾ ಅವಳ ಕಣ್ಣು ತಂಗಿಯ ಅಗಲ ಅಂಚಿನ ಟೋಪಿಯ ಮೇಲೆ ಬಿತ್ತು. ಆಮೇಲೆ ಕಪ್ಪು ಕನ್ನಡಕದ ಮೇಲೆ. ತಂಗಿಗೆ ಅಕ್ಕನ ಆಲೋಚನೆ ಹೊಳೆಯುವಷ್ಟರಲ್ಲಿ ಅವಳ ತಲೆ ಬೋಳಾಗಿತ್ತು.

ಹೊಸ ಗಿರಾಕಿಯೊಬ್ಬಳು ಟೋಪಿ ಕನ್ನಡಕ ಧರಿಸಿ, ಸೊಂಟದ ಮೇಲೆ ಕೈಯಿಟ್ಟು, ಓಣಿಯ ಇನ್ನೊಂದು ತುದಿಯಿಂದ ಗತ್ತಿನಲ್ಲಿ ನಡೆದುಬಂದಳು. ಬಂದವಳೇ ಟ್ರೇಯೊಳಗೆ ಇಣುಕಿದಳು. ಆ ಕತ್ತರಿ ಇರಲಿಲ್ಲ! ಗತ್ತು ಮರೆತು, ಎಡಗೈಯ ಎರಡು ಬೆರಳು ಕತ್ತರಿಯಂತೆ ಆಡಿಸಿ ಆಡಿಸಿ ಕೇಳಿದಳು. ಮುದುಕಿ ಆ ಎಡಗೈಯನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಗಲ್ಲಾದ ಕೆಳಗಿನಿಂದ ಕಾಗದದಲ್ಲಿ ಅಚ್ಚುಕಟ್ಟಾಗಿ ಸುತ್ತಿ, ದಾರ ಕಟ್ಟಿಟ್ಟಿದ್ದ ಪೊಟ್ಟಣ ತೆಗೆದಳು. ಕ್ಯಾಲ್ಕುಲೇಟರಿನಲ್ಲಿ ನೂರು ಒತ್ತಿದಳು.

"ನೂರಾ! ಈಗಷ್ಟೇ ಎಂಬತ್ತು ಅಂದ್ರಲ್ರೀ!" ಎಂದು ಟೈಲರಮ್ಮ ಅಚ್ಚ ಕನ್ನಡದಲ್ಲಿ ಕಿರುಚಿದಳು.

ಮುದುಕಿ ಎದ್ದು ಬಂದು, ಆ ಕನ್ನಡಕವನ್ನು ತಾನೇ ಮೆಲ್ಲಗೆ ತೆಗೆದು ಟೈಲರಮ್ಮನ ಕೈಗಿಟ್ಟಳು. ಹೆಬ್ಬೆರಳಿನ ದಡ್ಡನ್ನು ಮುಟ್ಟಿ, ಪೊಟ್ಟಣದತ್ತ ಬೊಟ್ಟು ಮಾಡಿದಳು. ನೀನು ಬಂದೇ ಬರ್ತೀಯ ಅಂತ ಗೊತ್ತಿತ್ತು ಎನ್ನಲು ಅವಳಿಗೆ ಯಾವ ಭಾಷೆಯೂ ಬೇಕಾಗಲಿಲ್ಲ. ನೂರು ಅಳಿಸಿ ಎಂಬತ್ತು ಒತ್ತಿದಳು. ಕಂಬದ ಮರೆಯಲ್ಲಿ ತಂಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಟೈಲರಮ್ಮ ಜೀವಮಾನದಲ್ಲಿ ಮೊದಲ ಸಲ ಹೇಳಿದಷ್ಟು ಕೊಟ್ಟಳು. ಅವಮಾನಕ್ಕಿಂತ ಖುಷಿಯೇ ಹೆಚ್ಚಾಗಿತ್ತು. ಹಾಗಂತ ಸುಮ್ಮನೆ ಬಂದಳೇ? ಡಬ್ಬಿಯಿಂದ ಒಂದು ತುಂಡು ಸೀಮೆಸುಣ್ಣ ಎತ್ತಿ, ಮುದುಕಿಯ ಕಣ್ಣಲ್ಲಿ ಕಣ್ಣಿಟ್ಟೇ ಚೀಲಕ್ಕೆ ಹಾಕಿಕೊಂಡಳು.

"ಅದ್ಯಾಕಕ್ಕಾ?"

"ಕೊಸರು."

ಊರಿಗೆ ಬಂದು ವಾರವಾಗಿರಲಿಲ್ಲ, ಎದುರುಮನೆಯಾಕೆ ನಾಲ್ಕು ಕಿಟಕಿಯ ಪರದೆ ಬಟ್ಟೆ ತಂದಳು. ಟೈಲರಮ್ಮ ಕೂಲಿ ಹೇಳಿದಳು. ಆಕೆ ಅರ್ಧಕ್ಕೆ ಕೇಳಿದಳು. ಟೈಲರಮ್ಮ ತಲೆ ಅಲ್ಲಾಡಿಸಿದಳು. ಆಕೆ ಬಟ್ಟೆ ಮಡಚಿಕೊಂಡು ಮೆಟ್ಟಿಲಿಳಿದಳು.

ಟೈಲರಮ್ಮನಿಗೆ "ಬನ್ರೀ" ಎನ್ನುವುದು ನಾಲಿಗೆಯ ತುದಿಗೇ ಬಂತು. ನಾಲ್ಕು ಕಿಟಕಿಯ ಕೆಲಸ, ಕಡಿಮೆಯದೇನಲ್ಲ. ಬಾಯಿ ಮುಚ್ಚಿಕೊಂಡು ಎಡಗೈಗೆ ಕತ್ತರಿ ಏರಿಸಿ, ಕತ್ತು ನೆಟ್ಟಗೆ ಇಟ್ಟುಕೊಂಡು, ಮೇಜಿನ ಮೇಲಿದ್ದ ಯೂನಿಫಾರಂ ಕತ್ತರಿಸತೊಡಗಿದಳು. ಕಿವಿ ಮಾತ್ರ ಮೆಟ್ಟಿಲ ಮೇಲಿತ್ತು. ಐದು. ಆರು. ಏಳು. ಎಂಟನೆಯದು ಸ್ವಲ್ಪ ಚಿಕ್ಕದಾಗಿ ಕೇಳಿಸಿತು. ಒಂಬತ್ತಕ್ಕೆ ಏನೋ ಬಿದ್ದ ಸದ್ದು.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು.

"ಆಯ್ತು, ಹೇಳಿದಷ್ಟೇ ತಗೊಳ್ಳಿ" ಎಂದಳು ಎದುರುಮನೆಯಾಕೆ, ಬಟ್ಟೆ ಮೇಜಿನ ಮೇಲಿಡುತ್ತಾ.

ಟೈಲರಮ್ಮ ಗೆರೆಯಿಂದ ಕಣ್ಣು ಕೀಳಲಿಲ್ಲ. "ಹೀಗೇ ಬಂದಿದ್ದು ಒಳ್ಳೇದಾಯ್ತು" ಎಂದಳು. "ಕಪ್ಪು ಕನ್ನಡಕ ಹಾಕ್ಕೊಂಡು ಬಂದಿದ್ರೆ ಇನ್ನೂ ಇಪ್ಪತ್ತು ಜಾಸ್ತಿ ಆಗ್ತಿತ್ತು."