ಲಫ್ತಾ ಕುಡಿಸಿಹೋದ ಚಹಾ

ಲಫ್ತಾನ ಮೇಲೆ ಚಾಸಿಬ್‌ಗೆ ಇವತ್ತಿಗೂ ಸಿಟ್ಟು. ಬಾಗ್ದಾದಿನ ಆ ಚಹಾದಂಗಡಿಯಲ್ಲಿ ಮೊದಲೇ ಕೂತವನು ಆಮೇಲೆ ಬಂದ ಗೆಳೆಯನ ಹೆಸರು ಹಿಡಿದು "ವಾಸಿಲ್!", ಅಂದರೆ 'ಸಂದಾಯವಾಯಿತು', ಎಂದು ಕೂಗಿದರೆ ಮುಗಿಯಿತು, ಚಹಾ ಕೂಗಿದವನ ಲೆಕ್ಕಕ್ಕೆ. ಬಂದವನು ಕಿಸೆಗೆ ಕೈ ಹಾಕುವಂತಿಲ್ಲ. ಮಾರನೆಯ ದಿನ ಮೊದಲೇ ಬಂದು ಕಾದಿದ್ದು ಕೂಗಿ ತೀರಿಸಬೇಕು. ಇಬ್ಬರೂ ವರ್ಷಗಟ್ಟಲೆ ಹಾಗೆ ಕೂಗಾಡಿದ್ದರು. ಕೊನೆಯ ಸಲ ಲಫ್ತಾ ಕೂಗಿದ, ಎದ್ದು ಹೋದ, ತಿರುಗಿ ಬರಲಿಲ್ಲ.

ಚಾಸಿಬ್ ಹೊಳೆದಂಡೆಯಲ್ಲಿ ಮೀನು ಸುಡುವವನು. ಆತುರದ ಗಿರಾಕಿಗೆ "ಬೆಕ್ಕೇನಯ್ಯ ನೀನು? ಹಸೀದೇ ತಿನ್ಕೊಂಡು ಹೋಗು!" ಎಂದು ಬೈಯುವನು, ಬೈಸಿಕೊಂಡವರೇ ಮತ್ತೆ ಬರುವರು. ಲಫ್ತಾ ದೇಶ ಆಳುವ ಪಕ್ಷದ ಹಳೇ ತಲೆ. ಪಕ್ಷ ಕದ್ದುಮುಚ್ಚಿ ನಡೆಯುತ್ತಿದ್ದಾಗ ಈಗಿನ ನಾಯಕನನ್ನು ತನ್ನ ಮನೆಯಲ್ಲೇ ಅಡಗಿಸಿಟ್ಟಿದ್ದ. ತಿನ್ನಿಸಿದ್ದು ಚಾಸಿಬ್ ಸುಟ್ಟ ಮೀನನ್ನೇ.

ನಾಯಕ ಗದ್ದುಗೆ ಏರಿದ ಬೇಸಿಗೆಯಲ್ಲೇ ತನ್ನ ಪಕ್ಷದವರನ್ನೆಲ್ಲ ಸಭೆಗೆ ಕರೆಸಿದ. ಒಬ್ಬೊಬ್ಬರ ಹೆಸರು ಓದಿಸಿ, ದ್ರೋಹಿಗಳೆಂದು ಹೊರಗೆಳೆಸಿದ. ಲಫ್ತಾನನ್ನೂ ಎಳೆದೊಯ್ದರು. ಹೆಸರು ಬಾರದವರು ಎದ್ದು ನಿಂತು ಜೈಕಾರ ಹಾಕಿ ಚಪ್ಪಾಳೆ ತಟ್ಟಿದರು.

ಸುದ್ದಿ ಗೊತ್ತಿದ್ದೂ ಚಾಸಿಬ್ ಸಂಜೆ ಎಂದಿನಂತೆ ಮೊದಲೇ ಬಂದು ಕೂತ. ಬಾಗಿಲಲ್ಲಿ ನೆರಳು ಕಂಡದ್ದೇ ಬಾಯಿ ರೂಢಿಯಂತೆ ಕೂಗಿಬಿಟ್ಟಿತು: "ಲಫ್ತಾಗೆ ವಾಸಿಲ್!"

ಬಂದವನು ಶನಾವ, ಆ ಸಭೆಯಿಂದ ಜೀವ ಉಳಿಸಿಕೊಂಡು ಬಂದ ಪಕ್ಷದ ಮನುಷ್ಯ. 

"ಯಾರ ಹೆಸರು ಹೇಳ್ದೆ?"

ತಲೆ ಹೋಗುವ ಮಾತು. ಚಾಸಿಬ್‌ಗೆ ಭಯಕ್ಕಿಂತ ಮೊದಲು ಸಿಟ್ಟೇ ಬಂತು. "ಕಿವಿ ಕೇಳಲ್ವೇನಯ್ಯ? ಲಫ್ತಾಂದು! ಅವನದೊಂದು ಚಹಾ ನನ್ನ ತಲೆ ಮೇಲಿದೆ. ದ್ರೋಹಿ ಋಣದಲ್ಲಿ ಬಿದ್ದಿರು ಅಂತೀಯಾ? ನಿಮ್ಮ ಪಕ್ಷ ಹಾಗಂತ ಹೇಳುತ್ತಾ?"

 ಶನಾವ ಬಂದು ಎದುರಿಗೆ ಕೂತ. ಚಹಾ ಬಂತು. ಎತ್ತಲು ಹೋದರೆ ಲೋಟ ಕೈಯಲ್ಲಿ ನಿಲ್ಲದು; ಸಭೆಯಲ್ಲಿ ಚಪ್ಪಾಳೆ ತಟ್ಟಿ ತಟ್ಟಿ ಅಂಗೈ ಬಾತುಹೋಗಿತ್ತು.

ಚಾಸಿಬ್‌ನ ಸಿಟ್ಟು ಇಳಿಯಿತು. ಚಹಾವನ್ನು ತಟ್ಟೆಗೆ ಸುರಿದು, ಆರಿಸಿ, ತಾನೇ ಅವನ ಬಾಯಿಗೆ ಹಿಡಿದ. "ಕುಡಿ, ಕತ್ತೆ. ಇಷ್ಟು ಜೋರಾಗಿ ತಟ್ಟೋದಾ?"

"ಕೈ ನಿಲ್ಲಿಸೋಕೆ ಭಯ ಆಯ್ತಣ್ಣ."

"ಲಫ್ತಾ ಏನು ತಪ್ಪು ಮಾಡಿದ್ದ?"

ಶನಾವ ಪಿಸುಗುಟ್ಟಿದ. "ನಾಯಕರು ಹಸಿದಿದ್ದಾಗ ನೋಡಿದ್ದ."

"ಮೀನು ಸುಟ್ಟುಕೊಟ್ಟೋನು ನಾನೂ ನೋಡಿದೀನಲ್ಲೋ!"

"ಬಾಯ್ ಮುಚ್ಕೋ ಮಾರಾಯ, ನಿನ್ನ ಕಾಲಿಗೆ ಬೀಳ್ತೀನಿ!"

ಏಳುವಾಗ ಚಾಸಿಬ್ ಲಫ್ತಾನ ಚಹಾದ ಕಾಸನ್ನು ಮೇಜಿನ ಮೇಲಿಟ್ಟ. ಅಂಗಡಿಯವನು ಹಿಂದಕ್ಕೆ ತಳ್ಳಿದ. "ಅವನೇ ಬಂದು ಕೂತು ಕುಡಿದ್ರೆ ತಾನೇ ತೀರೋದು? ಅವನು ಬರ್ಲಿ, ಇಸ್ಕೊಳ್ತೀನಿ."

ಇಂದಿಗೂ ಚಾಸಿಬ್ ಎಲ್ಲರಿಗಿಂತ ಮೊದಲು ಬಂದು ಬಾಗಿಲ ಕಡೆ ಮುಖ ಮಾಡಿ ಕೂರುತ್ತಾನೆ. ಯಾರದಾದರೂ ನೆರಳು ಬಿದ್ದರೆ ಬಾಯಿ ತೆರೆಯುತ್ತಾನೆ, ನೋಡುತ್ತಾನೆ, ಮುಚ್ಚಿಕೊಳ್ಳುತ್ತಾನೆ. "ಗೆದ್ದುಬಿಟ್ಟ, ಕಳ್ಳ," ಎಂದು ಗೊಣಗುತ್ತಾನೆ. ಆ ಒಂದು ಚಹಾ ಹಾಗೇ ಉಳಿದಿದೆ.